ನೀರು ಬಸಿಯದ ಗೋಡು ಮಣ್ಣು: ಮಂಡ್ಯ ಕಡೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಗದ್ದೆ ಬದುವಿನ ಮೇಲೆ ನಿಂತು ಕೇಳಿದ್ದು, ಕಾಗದ ಬರೆದು ಕೇಳಿದ್ದು, ಫೋಟೊ ಕಳಿಸಿ ‘ಇದೇನು ನೋಡಿ’ ಅಂದಿದ್ದು, ಎಲ್ಲವೂ ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಕೊನೆಗೆ ವರ್ಗೀಕರಣದ ಗಟ್ಟಿ ಪ್ರಶ್ನೆಗಳು. ನಿಮಗೆ ಬೇಕಾದ ಕಡೆಯಿಂದ ಓದಬಹುದು.

## ಮಣ್ಣಿನ ಗುರುತು

ನಮ್ಮ ತಗ್ಗಿನ ಗದ್ದೆ ಮಣ್ಣು ಹಿಟ್ಟಿನ ಥರ ನುಣ್ಣಗಿದೆ. ಬೇಸಿಗೆಯಲ್ಲೂ ಕಾಲು ಹೂತುಹೋಗುತ್ತೆ. ಇದಕ್ಕೆ ಏನಂತಾರೆ?

ನಮ್ಮ ಕಡೆ ಇದನ್ನು ಗೋಡು ಅನ್ನುತ್ತೇವೆ. ಕೆರೆಯಿಂದ ತೆಗೆದು ಹೊಲಕ್ಕೆ ಹೊಡೆಯುವ ಕೆರೆಗೋಡು ಕೂಡ ಇದೇ ಜಾತಿ. ಪುಸ್ತಕದಲ್ಲಿ ಈ ಗಾತ್ರದ ಕಣಕ್ಕೆ ರೇವೆ ಎಂಬ ಹೆಸರಿದೆ. ಮರಳಿಗಿಂತ ಸಣ್ಣದು, ಜೇಡಿಗಿಂತ ದೊಡ್ಡದು. ಅಳತೆಯಲ್ಲಿ ಹೇಳುವುದಾದರೆ 0.002 ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗಿನ ಕಣ. ಒಂದೊಂದಾಗಿ ಕಣ್ಣಿಗೆ ಕಾಣಿಸುವುದೇ ಇಲ್ಲ ಅನ್ನಬಹುದು.

ಕಾಲು ಹೂತುಹೋಗುವುದು ಮಾತ್ರ ಬೇರೆ ಗುಣ. ಅದು ನೀರು ಬಸಿದುಹೋಗದೆ ನಿಂತಿದೆ ಎಂಬುದರ ಗುರುತು. ಕಣ ಎಷ್ಟು ನುಣುಪು ಎಂಬುದು ಒಂದು ಪ್ರಶ್ನೆ, ನೀರು ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ನೋಡಬೇಕು. ಹೊಳೆ ದಂಡೆಯಲ್ಲಿ ಚೆನ್ನಾಗಿ ಬಸಿಯುವ ಗೋಡು ಮಣ್ಣೂ ಇದೆ. ಅಂಥ ಹೊಲ ಸಿಕ್ಕವರು ಪುಣ್ಯವಂತರು.

ಗೋಡು ಅಂದ್ರೆ ಜೇಡಿನೇ ಅಲ್ವಾ? ಕೈಯಲ್ಲಿ ಮುಟ್ಟಿ ಗೊತ್ತು ಮಾಡ್ಕೋಬಹುದಾ?

ಎರಡೂ ಒಂದೇ ಅಲ್ಲ. ಕೈಯಲ್ಲೇ ಗೊತ್ತಾಗುತ್ತದೆ, ಸ್ವಲ್ಪ ಅಭ್ಯಾಸ ಬೇಕು ಅಷ್ಟೇ. ನಿಂಬೆಹಣ್ಣಿನ ಗಾತ್ರದ ಮಣ್ಣು ತಗೊಳ್ಳಿ. ಕಲ್ಲು, ಬೇರು ತೆಗೆದುಹಾಕಿ ನೀರು ಚಿಮುಕಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಈಗ ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಪಟ್ಟಿಯ ಹಾಗೆ ಮುಂದಕ್ಕೆ ತಳ್ಳಿ. ಪಟ್ಟಿ 5 ಸೆಂ.ಮೀ. ದಾಟಿಯೂ ಮುರಿಯದೆ ನಿಂತರೆ ಜೇಡಿ ಜಾಸ್ತಿ. 2.5 ಸೆಂ.ಮೀ. ಆಗುವ ಮೊದಲೇ ಮುರಿದು ಬಿದ್ದು, ಬೆರಳಿಗೆ ಮಾತ್ರ ಸೋಪು ಸವರಿದ ಹಾಗೆ ನುಣ್ಣಗೆ ಅನಿಸಿದರೆ ಗೋಡು. ಒಣಗಿದಾಗ ಜೇಡಿ ಹೆಂಟೆ ಕಲ್ಲಿನಂತಿರುತ್ತದೆ. ಗೋಡಿನ ಹೆಂಟೆ ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಮುಖದ ಪೌಡರಿನ ಹಾಗೆ ಕೈಗೆ ಅಂಟುತ್ತದೆ.

ಇನ್ನೂ ಅನುಮಾನ ಇದ್ದರೆ ಬಾಟಲಿ ಪರೀಕ್ಷೆ ಮಾಡಿ. ಅಗಲ ಬಾಯಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು, ಮುಂದಿನ ಎರಡು ಗಂಟೆಯಲ್ಲಿ ಕೂತದ್ದು ರೇವೆ. ಮಾರನೆಯ ದಿನವೂ ನೀರನ್ನು ಕದಡಿಸಿಕೊಂಡು ನಿಂತದ್ದು ಜೇಡಿ. ಸ್ಕೇಲಿನಲ್ಲಿ ಪದರ ಅಳೆದರೆ ಒಂದು ಅಂದಾಜು ಸಿಗುತ್ತದೆ.

ಮಂಡ್ಯ ಅಂದ್ರೆ ಕೆಮ್ಮಣ್ಣಿನ ಸೀಮೆ. ಈ ಬೂದು ಗೋಡು ಎಲ್ಲಿಂದ ಬಂತು?

ದಿಣ್ಣೆ ಮೇಲೆ ನಿಂತು ಹಳ್ಳದ ಕಡೆ ನಡೆದು ನೋಡಿ, ಉತ್ತರ ಕಾಲ ಕೆಳಗೇ ಇದೆ. ನಮ್ಮ ನೆಲದಡಿ ಇರುವುದು ನೈಸ್ ಶಿಲೆ. ಅದು ಸವೆದು ದಿಣ್ಣೆಯಲ್ಲಿ ಕೆಂಪು ಮರಳುಮಿಶ್ರಿತ ಮಣ್ಣಾಗಿದೆ. ಮಳೆ ನೀರು ಅದರ ಸಣ್ಣ ಕಣಗಳನ್ನು ತೊಳೆದು ತಗ್ಗಿಗೆ ತಂದು ಹಾಕುತ್ತದೆ. ಸಾವಿರಾರು ವರ್ಷ ಹೀಗೆ ಕೂತ ಮಣ್ಣು ತಗ್ಗಿನಲ್ಲಿದೆ. ಕೆರೆ ಅಚ್ಚುಕಟ್ಟು, ಹಳೆ ಕೆರೆಯಂಗಳ, ಕಾವೇರಿ, ಶಿಂಷಾ, ಲೋಕಪಾವನಿ ದಂಡೆಯ ಬಯಲು, ಇಂಥ ಕಡೆ ಗೋಡು ಸಿಗುವುದು ಜಾಸ್ತಿ.

ಅದರ ಮೇಲೆ ನಾಲೆ ಬಂತು. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಯಂಥ ಹಳೆಯ ನಾಲೆಗಳು ಮೊದಲೇ ಇದ್ದವು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ, ಮುಂದೆ ಆಗಿನ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ರಾಗಿ ಬೆಳೆಯುತ್ತಿದ್ದ ಹೊಲ ಗದ್ದೆಯಾಯಿತು. ನೀರು ಬಂದಿದ್ದು ನಮ್ಮ ಬಾಳು ಬೆಳಗಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದ ನೀರು ಹೊರಗೆ ಹೋಗುವ ದಾರಿಗೆ ಅಷ್ಟು ಗಮನ ಸಿಗಲಿಲ್ಲ. ನಾಲೆ ಕೆಳಗಿನ ತಗ್ಗಿನಲ್ಲಿ ಅಂತರ್ಜಲ ಮೇಲೆ ಬಂದು ಕೂತಿತು.

ಇನ್ನೊಂದು ಮಾತು. ತಗ್ಗಿನ ಗದ್ದೆ ಎಲ್ಲಾ ಗೋಡು ಅಂದುಕೊಳ್ಳಬೇಡಿ. ಎಷ್ಟೋ ಕಡೆ ಅದು ಎರೆಯಂಥ ಜೇಡಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟರೆ ಅದು ಗೋಡಲ್ಲ.

ಮಳೆ ನಿಂತು ಮೂರು ದಿನ ಆಯ್ತು, ನೀರು ಇಂಗಲ್ಲ. ಇದೇ ಬಸಿಯದ ಮಣ್ಣು ಅಂತಾನಾ?

ಇರಬಹುದು, ಆದರೆ ಒಂದು ಮಳೆ ನೋಡಿ ಹೇಳುವುದು ಸರಿಯಲ್ಲ. ಗೋಡು ಮಣ್ಣಿಗೆ ಜೋರು ಮಳೆಯ ಹನಿ ಹೊಡೆದರೆ ಮೇಲೆ ತೆಳು ಹಕ್ಕಳೆ ಕಟ್ಟುತ್ತದೆ. ಆಗ ಕೆಳಗೆ ಒಣಗಿದ್ದರೂ ಮೇಲೆ ನೀರು ನಿಂತಿರುತ್ತದೆ. ಹಾರೆಯಲ್ಲಿ ಮೇಲಿನ 2 ಸೆಂ.ಮೀ. ಕೆದಕಿದಾಗ ನೀರು ಗಟಗಟ ಇಳಿದರೆ ತೊಂದರೆ ಹಕ್ಕಳೆಯದು ಮಾತ್ರ.

ನಿಜ ತಿಳಿಯಲು ಮೊಳದಷ್ಟು ಆಳದ ಗುಳಿ ತೋಡಿ. ನೀರು ತುಂಬಿಸಿ ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಬಸಿಯುವುದು ನಿಧಾನ. ನೀರು ಹಾಕದೆಯೇ ರಾತ್ರಿ ಕಳೆಯುವುದರಲ್ಲಿ ಗುಳಿಯಲ್ಲಿ ನೀರು ಊರಿದ್ದರೆ ಅಳೆಯುವ ಕೆಲಸವೇ ಇಲ್ಲ.

## ಗುಂಡಿ ತೋಡಿದಾಗ ಕಾಣುವುದು

ಬೂದು ಮಣ್ಣಿನ ಒಳಗೆ ತುಕ್ಕಿನ ಥರ ಚುಕ್ಕೆ ಇದೆ. ಮಣ್ಣಿಗೆ ರೋಗ ಬಂದಿದೆಯಾ?

ರೋಗ ಅಲ್ಲ. ನೀರು ಎಷ್ಟೆತ್ತರ ಬಂದು ಹೋಗುತ್ತದೆ ಎಂದು ಮಣ್ಣೇ ಬರೆದಿಟ್ಟ ಲೆಕ್ಕ ಅದು. ನನಗಂತೂ ಮಣ್ಣಿನ ಗುಂಡಿಯಲ್ಲಿ ಇದಕ್ಕಿಂತ ಚೆಂದದ ನೋಟ ಇಲ್ಲ.

ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಗಾಳಿ ಇರುವ ತನಕ ಆ ಕಬ್ಬಿಣ ತುಕ್ಕಿನ ರೂಪದಲ್ಲಿ ಕಣಕ್ಕೆ ಅಂಟಿಕೊಂಡಿರುತ್ತದೆ. ನೀರು ತುಂಬಿದರೆ ಗಾಳಿಗೆ ಜಾಗ ಇಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನು ಬೇಗ ಮುಗಿಸುತ್ತವೆ. ಆಮೇಲೆ ಉಸಿರಾಟಕ್ಕೆ ನೈಟ್ರೇಟ್, ಅದಾದ ಮೇಲೆ ಮ್ಯಾಂಗನೀಸ್, ಮುಂದೆ ಕಬ್ಬಿಣ. ಆಗ ಕಬ್ಬಿಣ ಕರಗುವ ರೂಪಕ್ಕೆ ಬಂದು ನೀರಿನ ಜೊತೆ ಹೊರಡುತ್ತದೆ. ಬಣ್ಣ ಹೋದ ಕಣ ತನ್ನ ಮೂಲದ ಬೂದು ತೋರಿಸುತ್ತದೆ. ಕರಗಿದ ಕಬ್ಬಿಣ ಹೋಗುತ್ತಾ ಹೋಗುತ್ತಾ ಎಲ್ಲಿ ಗಾಳಿ ಸಿಗುತ್ತದೋ ಅಲ್ಲಿ ಮತ್ತೆ ತುಕ್ಕಾಗಿ ಕೂರುತ್ತದೆ. ಎರೆಹುಳದ ತೂತು, ಹಳೆ ಬೇರಿನ ದಾರಿ, ಬಿರುಕಿನ ಅಂಚು, ಅಲ್ಲೆಲ್ಲ ಚುಕ್ಕೆ.

ಭತ್ತದ ಪೈರು ಕಿತ್ತು ಬೇರು ತೊಳೆದು ನೋಡಿ. ಕಿತ್ತಳೆ ಬಣ್ಣದ ಲೇಪ ಇರುತ್ತದೆ. ಭತ್ತ ತನ್ನ ಕಾಂಡದೊಳಗಿನ ಗಾಳಿಕೊಳವೆಯಿಂದ ಬೇರಿಗೆ ಆಮ್ಲಜನಕ ಇಳಿಸುತ್ತದೆ. ಅದು ಬೇರಿನಿಂದ ಸ್ವಲ್ಪ ಹೊರಗೆ ಸೋರಿ ಅಲ್ಲೇ ಕಬ್ಬಿಣ ತುಕ್ಕಾಗುತ್ತದೆ. ಕೆಸರಲ್ಲಿ ಭತ್ತ ಬದುಕುವ ಗುಟ್ಟೂ ಇದೇ.

ನೀರು ಮೇಲಿಂದ ನಿಂತಿದ್ದಾ, ಕೆಳಗಿಂದ ಬಂದಿದ್ದಾ ಅಂತ ಹೇಗೆ ಹೇಳೋದು?

ಉಳಿದ ಎಲ್ಲ ಪ್ರಶ್ನೆಗಿಂತ ಮೊದಲು ಇದನ್ನು ಕೇಳಬೇಕು. ಮಣ್ಣಿಗೆ ಹೆಸರಿಡುವುದಕ್ಕೂ ಇದೇ ಆಧಾರ, ದುಡ್ಡು ಖರ್ಚು ಮಾಡುವುದಕ್ಕೂ ಇದೇ ಆಧಾರ.

ಪಾಂಡವಪುರದ ಕಡೆ ಒಂದು ಫೆಬ್ರವರಿಯಲ್ಲಿ ಎರಡು ಗುಂಡಿ ತೋಡಿದ್ದೆವು. ಒಬ್ಬರದೇ ಜಮೀನು, ನಡುವೆ ಇನ್ನೂರು ಹೆಜ್ಜೆ. ಮೇಲಿನ ಗದ್ದೆಯಲ್ಲಿ ಮೊದಲ 18 ಸೆಂ.ಮೀ. ಬೂದು ಕೆಸರು. ಅದರ ಕೆಳಗೆ ಸಲಿಕೆ ಟಣ್ ಅಂದಿತು. ವರ್ಷಾನುಗಟ್ಟಲೆ ಕೆಸರು ಮಾಡಿ, ಟ್ರ್ಯಾಕ್ಟರ್ ಓಡಿಸಿ ಕೂಡಿದ ಗಟ್ಟಿ ಪದರ. ಅದನ್ನು ಒಡೆದು ಕೆಳಗೆ ಹೋದರೆ ಮಣ್ಣು ಕೆಂಪಗೆ, ಹದವಾಗಿ, ಆರಾಮಾಗಿದೆ. ಅಂದರೆ ನೀರು ಮೇಲಿನದು. ನಾವೇ ನಿಲ್ಲಿಸಿದ್ದು.

ಕೆಳಗಿನ ಗದ್ದೆ ಉಲ್ಟಾ. ಮೇಲೆ ಕಂದು, 40 ಸೆಂ.ಮೀ.ಗೆ ತುಕ್ಕಿನ ಚುಕ್ಕೆ ದಟ್ಟವಾಯಿತು, 80 ಸೆಂ.ಮೀ.ಗೆ ಪೂರ್ತಿ ನೀಲಿಬೂದು. ಗುಂಡಿಯ ಗೋಡೆಯಿಂದ ನೀರು ಜಿನುಗಿ ನಾವು ಎಲೆಯಡಿಕೆ ಮುಗಿಸುವಷ್ಟರಲ್ಲಿ ತಳ ಮುಚ್ಚಿತು. ಇದು ಕೆಳಗಿನ ನೀರು. ನಾಲೆ ಬಸಿದದ್ದು, ಮೇಲಿನ ಗದ್ದೆಗಳಿಂದ ಇಳಿದದ್ದು.

ಮೇಲಿನದಕ್ಕೆ ಮದ್ದು ಆ ರೈತರ ಕೈಯಲ್ಲೇ ಇತ್ತು. ಕೆಳಗಿನದಕ್ಕೆ ನಾಲ್ಕಾರು ಮನೆಯವರು ಕೂತು ಮಾತಾಡಬೇಕಿತ್ತು.

ಉಳುವಾಗ ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಯಾಕೆ?

ಕಬ್ಬಿಣವೂ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಸಲ್ಫೇಟಿಗೆ ಕೈಹಾಕಿವೆ ಎಂದರ್ಥ. ಅದರಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್‌ನ ವಾಸನೆ ಅದು. ಬೇರು ಕಪ್ಪಾಗಿದ್ದರೆ ನೀರು ಬಿಟ್ಟು ಕೆಲವು ದಿನ ಗದ್ದೆ ಆರಿಸಿ.

ಮಾರ್ಚಲ್ಲಿ ಗದ್ದೆ ಮೇಲೆ ಬಿಳಿ ಪುಡಿ ಏಳುತ್ತೆ. ಇದು ಚೌಳಾ, ಕರಲಾ?

ಗೋಡು ಮಣ್ಣಿನ ಇನ್ನೊಂದು ಗುಣ ಇಲ್ಲಿ ಕೆಲಸ ಮಾಡುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತದೆ. ಮರಳಿನಲ್ಲಿ ನೀರು ಹೆಚ್ಚು ಎತ್ತರ ಏರುವುದಿಲ್ಲ. ಜೇಡಿಯಲ್ಲಿ ಎತ್ತರ ಏರಬಲ್ಲದು, ಆದರೆ ತುಂಬಾ ನಿಧಾನ. ಗೋಡಿನಲ್ಲಿ ಎತ್ತರವೂ ಇದೆ, ವೇಗವೂ ಇದೆ. ಒಂದೂವರೆ ಮೀಟರ್ ಕೆಳಗಿನ ನೀರನ್ನೂ ಮೇಲಕ್ಕೆ ಕಳಿಸಬಲ್ಲದು. ನೀರು ಬಿಸಿಲಿಗೆ ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ.

ಬಿಳಿ ಪುಡಿ ಬರೀ ಉಪ್ಪಾದರೆ ಅದು ಚೌಳು. ಮಣ್ಣು ಮೆತ್ತಗೆ ಉದುರುದುರಾಗಿಯೇ ಇರುತ್ತದೆ. ಸೋಡಿಯಂ ಹಿಡಿದ ಮಣ್ಣು ಕರಲು. ನೆನೆದರೆ ಅಂಟು, ಒಣಗಿದರೆ ಇಟ್ಟಿಗೆ. ಎಷ್ಟೋ ಸಲ ಮೇಲೆ ಕಪ್ಪು ಕಲೆಯೂ ಇರುತ್ತದೆ. ಲ್ಯಾಬಿನ ಗೆರೆ ಹೀಗಿದೆ: ಇಸಿ (ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) ಮೀಟರಿಗೆ 4 ಡೆಸಿಸೀಮನ್‌ಗಿಂತ ಜಾಸ್ತಿ, ಪಿಎಚ್ (ಹುಳಿ-ಕ್ಷಾರದ ಅಳತೆ) 8.5ಕ್ಕಿಂತ ಕಡಿಮೆ, ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿಕೊಂಡ ಸೋಡಿಯಂನ ಪಾಲು) ಶೇ 15ಕ್ಕಿಂತ ಕಡಿಮೆ ಇದ್ದರೆ ಚೌಳು. ಇಸಿ 4ಕ್ಕಿಂತ ಕಡಿಮೆ, ಪಿಎಚ್ 8.5 ಮೀರಿ, ಸೋಡಿಯಂ ಶೇ 15 ದಾಟಿದ್ದರೆ ಕರಲು. ಇಸಿ, ಸೋಡಿಯಂ ಎರಡೂ ಜಾಸ್ತಿ ಇದ್ದರೆ ಚೌಳು-ಕರಲು. ಈ 4ರ ಗೆರೆ ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ಹಿಂಡಿ ತೆಗೆದ ಸಾರಕ್ಕೆ ಹೇಳಿದ್ದು. ಮಾಮೂಲಿ ಪರೀಕ್ಷೆಯಲ್ಲಿ ಜಾಸ್ತಿ ನೀರು ಬೆರೆಸುವುದರಿಂದ ಅಂಕಿ ಕಡಿಮೆ ಬರುತ್ತದೆ. ಲ್ಯಾಬಿನವರನ್ನು ಕೇಳಿಕೊಳ್ಳಿ.

ಜಿಪ್ಸಂ ಕೆಲಸ ಮಾಡುವುದು ಕರಲಿಗೆ. ಬರೀ ಚೌಳಿಗೆ ಜಿಪ್ಸಂ ಸುರಿದರೆ ದುಡ್ಡು ದಂಡ. ಅಲ್ಲಿ ಬೇಕಾದ್ದು ಒಳ್ಳೆ ನೀರು ಮತ್ತು ಅದು ಬಸಿದುಹೋಗಲು ದಾರಿ.

## ಬೆಳೆ ಮತ್ತು ದುರಸ್ತಿ

ಯೂರಿಯಾ ಎಷ್ಟು ಹಾಕಿದ್ರೂ ಪೈರು ಹಳದಿ. ಗೊಬ್ಬರ ನಕಲಿನಾ?

ಗೊಬ್ಬರದ ಮೇಲೆ ಅನುಮಾನ ಪಡುವ ಮೊದಲು ನೀರಿನ ಲೆಕ್ಕ ನೋಡಿ. ಗದ್ದೆ ಒಮ್ಮೆ ಆರಿ ಒಮ್ಮೆ ತುಂಬುತ್ತಿದ್ದರೆ ಸಾರಜನಕ ಆರಿದಾಗ ನೈಟ್ರೇಟ್ ಆಗುತ್ತದೆ, ತುಂಬಿದಾಗ ಅನಿಲವಾಗಿ ಗಾಳಿಗೆ ಹೋಗುತ್ತದೆ. ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ.

ನಾಟಿ ಆಗಿ ಎರಡು ಮೂರು ವಾರಕ್ಕೆ ಎಲೆಯ ಬುಡ ಬಿಳುಚಿ, ಕಂದು ಚುಕ್ಕೆ ಬಿದ್ದು, ಪೈರು ಅಲ್ಲಲ್ಲಿ ಕುಳ್ಳಾಗಿ ನಿಂತರೆ ಸತುವಿನ ಕೊರತೆ ಇರಬಹುದು. ಸದಾ ನೀರು ನಿಂತ, ಪಿಎಚ್ ಜಾಸ್ತಿ ಇರುವ ಮಣ್ಣಿನಲ್ಲಿ ಇದು ಮಾಮೂಲು. ಎಕರೆಗೆ 8 ಕೆಜಿ ಸತುವಿನ ಸಲ್ಫೇಟ್ ಕೊಡುವುದು ರೂಢಿ. ರಂಜಕದ ಗೊಬ್ಬರದ ಜೊತೆ ಬೆರೆಸಬೇಡಿ.

ಇಂಥ ಗದ್ದೆಗೆ ಕಬ್ಬು ಹಾಕಬಹುದಾ, ಇಲ್ಲಾ ಭತ್ತವೇ ಗತಿಯಾ?

ನೀರು ಮೇಲಿನದಾದರೆ ಕಬ್ಬು ಆಗುತ್ತದೆ. ಗಟ್ಟಿ ಪದರ ಒಡೆದು, ದಿಂಡು ಎತ್ತರ ಮಾಡಿ ಹಾಕಿ. ಅಂತರ್ಜಲ 50 ಸೆಂ.ಮೀ. ಒಳಗೇ ನಿಂತಿದ್ದರೆ ಕಬ್ಬಿನ ಬೇರು ಉಸಿರುಕಟ್ಟುತ್ತದೆ. ಮೊದಲ ವರ್ಷ ಹೇಗೋ ಬಂದರೂ ಕೂಳೆ ಕೈಕೊಡುತ್ತದೆ. ಅಲ್ಲಿ ಭತ್ತವೇ ಸರಿ. ಉಪ್ಪಿನ ಗದ್ದೆಯಾದರೆ ಕರ್ನಾಲದ ಮಣ್ಣಿನ ಲವಣಾಂಶ ಸಂಶೋಧನಾ ಸಂಸ್ಥೆಯವರು ಬಿಟ್ಟಿರುವ, ಉಪ್ಪು ತಡೆಯುವ ಸಿಎಸ್‌ಆರ್ ತಳಿಗಳ ಬಗ್ಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಚಾರಿಸಿ. ನಾಟಿಗೆ ಮೊದಲು ಹಸಿರು ಗೊಬ್ಬರದ ಗಿಡ ಡಯಾಂಚ ಬಿತ್ತಿ, ಸುಮಾರು 45 ದಿನಕ್ಕೆ ಹೂ ಬರುವಾಗ ಮಣ್ಣಿಗೆ ಸೇರಿಸುವುದು ಯಾವ ಗೋಡು ಗದ್ದೆಗಾದರೂ ಒಳ್ಳೆಯದು.

ನಾಲ್ಕು ಲೋಡ್ ಮರಳು ಹೊಡೆಸಿದ್ರೆ ಮಣ್ಣು ಸಡಿಲ ಆಗಲ್ವಾ?

ಆಗುವುದಿಲ್ಲ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಮರಳು ಸೇರಿಸಬೇಕು ಅಂದರೂ 90 ಟನ್ ಬೇಕು. ಅಷ್ಟು ಸುರಿದರೂ ಕೆಳಗಿನ ನೀರು ಹೋಗಲು ದಾರಿ ಆಗಲಿಲ್ಲ ಅಲ್ವಾ?

ಬಸಿಗಾಲುವೆ ಎಷ್ಟು ಆಳ ತೆಗೀಬೇಕು?

ಆಳಕ್ಕಿಂತ ಮೊದಲು ಅದು ಎಲ್ಲಿಗೆ ಬೀಳುತ್ತದೆ ನೋಡಿ. ನಾನೇ ಒಮ್ಮೆ ತಪ್ಪು ಸಲಹೆ ಕೊಟ್ಟಿದ್ದೇನೆ. ಜೆಸಿಬಿ ತಂದು ಚೆಂದದ ಕಾಲುವೆ ತೆಗೆಸಿದೆವು. ಕೊನೆಯಲ್ಲಿ ಹಳ್ಳವೇ ಕಾಲುವೆಗಿಂತ ಒಂದು ಗೇಣು ಎತ್ತರ ಇತ್ತು, ಹೂಳು ತುಂಬಿ. ಮಳೆ ಬಂದಾಗ ಹಳ್ಳದ ನೀರೇ ಗದ್ದೆಗೆ ಬಂತು. ಆ ರೈತರ ಮುಖ ನನಗೆ ಇವತ್ತಿಗೂ ನೆನಪಿದೆ. ಈಗ ನೀರಿನ ಕೊಳವೆ ಹಿಡಿದು ಮಟ್ಟ ನೋಡದೆ ಮಾತೇ ಆಡುವುದಿಲ್ಲ.

ಮಟ್ಟ ಸಿಕ್ಕಿದರೆ, ಮೇಲಿನ ನೀರಿಗೆ ಮೊಳದಷ್ಟು ಆಳದ ತೆರೆದ ಕಾಲುವೆ ಸಾಕು. ಕೆಳಗಿನ ನೀರಿಗೆ 1 ಮೀಟರಿನಿಂದ ಒಂದೂವರೆ ಮೀಟರಿನವರೆಗೆ ಹೋಗಬೇಕು. ಗೋಡು ಮಣ್ಣಿನ ಕಾಲುವೆ ಬದಿ ಬೇಗ ಕುಸಿಯುತ್ತದೆ. ಬದಿಯನ್ನು ಓರೆಯಾಗಿ ಇಡಿ, ಹುಲ್ಲು ಹಿಡಿಸಿ. ನೆಲದೊಳಗೆ ತೂತಿನ ಕೊಳವೆ ಹೂಳುವುದಾದರೆ ಸುತ್ತ ಸೋಸುವ ಬಟ್ಟೆ ಅಥವಾ ಜಲ್ಲಿ ಬೇಕೇ ಬೇಕು. ಇಲ್ಲದಿದ್ದರೆ ಗೋಡು ಒಳಗೆ ನುಗ್ಗಿ ಕೊಳವೆ ಕಟ್ಟಿಕೊಳ್ಳುತ್ತದೆ.

## ವರ್ಗೀಕರಣ

ಮಣ್ಣಿನ ಆರೋಗ್ಯ ಚೀಟಿ ಇದೆ. ಅದರಲ್ಲಿ ಬಸಿಯುವ ವಿಷಯ ಯಾಕಿಲ್ಲ?

2015ರಲ್ಲಿ ಬಂದ ಆ ಚೀಟಿಯಲ್ಲಿರುವುದು 12 ಅಂಶ: ಪಿಎಚ್, ಇಸಿ, ಸಾವಯವ ಇಂಗಾಲ ಮತ್ತು ಒಂಬತ್ತು ಪೋಷಕಾಂಶ. ಮಾದರಿ ತೆಗೆಯುವುದು ಮೇಲಿನ 15 ಸೆಂ.ಮೀ.ನಿಂದ. ಗೊಬ್ಬರಕ್ಕೆ ಅದು ಸಾಕು. ಬಸಿಯುವಿಕೆ ತಿಳಿಯಲು ಗುಂಡಿಯೇ ಬೇಕು.

ಭೂಮಿ ವರದಿಯಲ್ಲಿ ‘3ಡಬ್ಲ್ಯು’ ಅಂತ ಬರೆದಿದ್ದಾರೆ. ನಮ್ಮ ಜಮೀನು ಮೂರನೇ ದರ್ಜೆನಾ?

ಬೇಜಾರು ಬೇಡ. ಅದು ಭೂಮಿಯ ಸಾಮರ್ಥ್ಯದ ವರ್ಗ. 1ರಿಂದ 8ರವರೆಗೆ ಇದೆ, ಮೊದಲ ನಾಲ್ಕು ಬೇಸಾಯಕ್ಕೆ ಆಗುವಂಥವು. ಅಂಕಿಯ ಪಕ್ಕದ ಅಕ್ಷರ ತೊಡಕು ಯಾವುದು ಎಂದು ಹೇಳುತ್ತದೆ. ಡಬ್ಲ್ಯು ಅಂದರೆ ನೀರು ನಿಲ್ಲುವುದು, ಇ ಅಂದರೆ ಕೊಚ್ಚಣೆ, ಎಸ್ ಅಂದರೆ ಬೇರಿನ ಭಾಗದ ದೋಷ. ನೀರಿಗೆ ದಾರಿ ಮಾಡಿದರೆ ಈ ವರ್ಗ ಮೇಲಕ್ಕೆ ಬರಬಹುದು.

ಒಂದು ಲ್ಯಾಬ್‌ನವರು ರೇವೆ ಜಾಸ್ತಿ ಅಂದ್ರು, ಇನ್ನೊಬ್ಬರು ಕಮ್ಮಿ ಅಂದ್ರು. ಯಾರನ್ನ ನಂಬೋದು?

ಇಬ್ಬರೂ ಸರಿ ಇರಬಹುದು. ಅಮೆರಿಕದ ಅಳತೆಯಲ್ಲಿ ರೇವೆ 0.05 ಮಿ.ಮೀ.ವರೆಗೆ, ಅಂತರರಾಷ್ಟ್ರೀಯ ಅಳತೆಯಲ್ಲಿ 0.02 ಮಿ.ಮೀ.ವರೆಗೆ ಮಾತ್ರ. ನಡುವಿನ ಕಣಗಳು ಒಬ್ಬರಿಗೆ ರೇವೆ, ಇನ್ನೊಬ್ಬರಿಗೆ ನಯ ಮರಳು. ಮರಳು, ರೇವೆ, ಜೇಡಿಯ ಪಾಲು ನೋಡಿ ಹೆಸರು ಕೊಡುವ ಮಣ್ಣಿನ ತ್ರಿಕೋನದಲ್ಲಿ ಹೆಸರು ಹುಡುಕುವ ಮೊದಲು ಯಾವ ಅಳತೆ ಎಂದು ಕೇಳಿ.

ಇನ್ಸೆಪ್ಟಿಸಾಲ್, ಅಕ್ವೆಪ್ಟ್ ಅಂತ ಬರೀತಾರೆ. ಇಷ್ಟುದ್ದ ಹೆಸರನ್ನ ಓದೋದು ಹೇಗೆ?

ಹಿಂದಿನಿಂದ ಓದಿ. ಭಾರತದಲ್ಲೂ ಬಳಸುವ ಅಮೆರಿಕದ ಪದ್ಧತಿಯಲ್ಲಿ 12 ಗಣಗಳಿವೆ. ಹೆಸರಿನ ಕೊನೆಯ ತುಂಡು ಗಣ ಹೇಳುತ್ತದೆ. ‘ಎಪ್ಟ್’ ಅಂದರೆ ಇನ್ಸೆಪ್ಟಿಸಾಲ್, ಅಂದರೆ ಪದರಗಳು ಈಗಷ್ಟೇ ಮೂಡುತ್ತಿರುವ ಮಣ್ಣು. ಅದರ ಮುಂದೆ ‘ಅಕ್ವ’ ಸೇರಿದರೆ ನೀರು ನಿಂತ ಇನ್ಸೆಪ್ಟಿಸಾಲ್. ಅದರ ಮುಂದೆ ‘ಎಂಡೊ’ ಬಂದರೆ ಕೆಳಗಿನ ನೀರು, ‘ಎಪಿ’ ಬಂದರೆ ಮೇಲೆ ತಡೆದು ನಿಂತ ನೀರು, ‘ಹಾಲ್’ ಬಂದರೆ ಉಪ್ಪು. ಹಾಗಾಗಿ ಎಂಡೋಅಕ್ವೆಪ್ಟ್ ಎಂಬ ಒಂದೇ ಪದದಲ್ಲಿ ನಾನು ಹೇಳಿದ ಆ ಕೆಳಗಿನ ಗದ್ದೆಯ ಕಥೆ ಪೂರ್ತಿ ಇದೆ.

ಮೇಲಿನಿಂದ ಜೇಡಿ ಇಳಿದು ಕೆಳಗೆ ಪದರ ಕಟ್ಟಿದ್ದರೆ ಅಕ್ವಾಲ್ಫ್. ಬಿರುಕು ಬಿಡುವ ಎರೆಯಾದರೆ ಅಕ್ವರ್ಟ್. ಹೊಳೆ ಇತ್ತೀಚೆಗೆ ತಂದು ಹಾಕಿದ ಮಣ್ಣಾದರೆ ಫ್ಲುವಅಕ್ವೆಂಟ್.

ಗೋಡು ಅನ್ನುವುದು ಈ ವರ್ಗಗಳ ಏಣಿಯಲ್ಲಿ ಇನ್ನೂ ಕೆಳಗೆ, ‘ಕುಟುಂಬ’ ಎಂಬ ಮಟ್ಟದಲ್ಲಿ ಬರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ಪ್ರಸಿದ್ಧ ಡ್ರಮ್ಮರ್ ಮಣ್ಣಿನ ಹೆಸರು ‘ಫೈನ್-ಸಿಲ್ಟಿ, ಮಿಕ್ಸ್ಡ್, ಸೂಪರ್‌ಆಕ್ಟಿವ್, ಮೆಸಿಕ್ ಟಿಪಿಕ್ ಎಂಡೋಅಕ್ವಾಲ್’. ‘ಫೈನ್-ಸಿಲ್ಟಿ’ ಅಂದರೆ ಗೋಡು, ಅದರಲ್ಲಿ ಶೇ 18ರಿಂದ 35 ಜೇಡಿ. ‘ಮೆಸಿಕ್’ ಅಲ್ಲಿನ ತಂಪು. ನಮ್ಮ ಮಣ್ಣಿಗೆ ಆ ಜಾಗದಲ್ಲಿ ‘ಐಸೋಹೈಪರ್ಥರ್ಮಿಕ್’ ಬರುತ್ತದೆ, ಅಂದರೆ ವರ್ಷವಿಡೀ ಬಿಸಿ, ಏರಿಳಿತ ಕಡಿಮೆ. ಆ ಡ್ರಮ್ಮರ್ ನೆಲವೂ ಹಿಂದೆ ಜೌಗೇ. ನೆಲದೊಳಗೆ ಕೊಳವೆ ಹಾಕಿ ಬಸಿದ ಮೇಲೆ ಈಗ ಅವರ ಅತ್ಯುತ್ತಮ ಮುಸುಕಿನ ಜೋಳದ ಭೂಮಿ.

ಗದ್ದೆಗೆ ನಾವೇ ನೀರು ಕಟ್ಟಿರೋದು. ಅದನ್ನೂ ಜೌಗು ಮಣ್ಣು ಅಂತ ಸೇರಿಸಿಬಿಟ್ರೆ ತಪ್ಪಲ್ವಾ?

ಒಳ್ಳೆ ಪ್ರಶ್ನೆ. ವರ್ಗೀಕರಣ ಮಾಡುವವರಿಗೂ ಇದು ಹೊಳೆದಿದೆ. ಅಮೆರಿಕದ ಪದ್ಧತಿಯಲ್ಲಿ ಇದಕ್ಕೆ ‘ಆಂಥ್ರಿಕ್’ ಎಂಬ ಬೇರೆ ಹೆಸರಿದೆ: ಮೇಲೆ ಕೆಸರು ಮಾಡಿದ ಬೂದು ಪದರ, ಕೆಳಗೆ ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಕೂತ ಗುರುತು. ವಿಶ್ವ ಮಣ್ಣು ಪದ್ಧತಿಯಲ್ಲಿ ಅಂತರ್ಜಲದ್ದು ಗ್ಲೀಸಾಲ್, ಮೇಲೆ ತಡೆದದ್ದು ಸ್ಟ್ಯಾಗ್ನೊಸಾಲ್, ತಲೆಮಾರುಗಳಿಂದ ಭತ್ತ ಬೆಳೆದು ಮಣ್ಣೇ ಬದಲಾದದ್ದು ಆಂಥ್ರೊಸಾಲ್. ಸುಮ್ನೆ ಮೇಲಿನ ಬೂದು ನೋಡಿ ಅಕ್ವೆಪ್ಟ್ ಅಂತ ಬರೆಯುವುದು ಅವಸರದ ಕೆಲಸ.

ಬಸಿಗಾಲುವೆ ತೆಗೆದು ಆರು ವರ್ಷ ಆಯ್ತು, ಗದ್ದೆ ಆರಿದೆ. ಆದ್ರೂ ಕೆಳಗೆ ಬೂದು ಹಾಗೇ ಇದೆ. ಮಣ್ಣಿನ ವರ್ಗ ಬದಲಾಗಲ್ವಾ?

ಬೂದು ಬೇಗ ಹೋಗುವುದಿಲ್ಲ. ಕಬ್ಬಿಣ ಒಮ್ಮೆ ತೊಳೆದುಹೋದ ಮೇಲೆ ಮತ್ತೆ ಕೆಂಪಾಗಲು ಅಲ್ಲಿ ಏನೂ ಉಳಿದಿರುವುದಿಲ್ಲ. ಪದ್ಧತಿಯೂ ಹಾಗೆಯೇ ಹೇಳುತ್ತದೆ: ಕಾಲುವೆಯಿಂದ ಬಸಿದ ಮಣ್ಣನ್ನೂ ಅಕ್ವ ಗುಂಪಿನಲ್ಲೇ ಇಡುತ್ತಾರೆ. ಕಾಲುವೆ ಮುಚ್ಚಿದರೆ ನೀರು ಮತ್ತೆ ಬರುತ್ತದೆ ತಾನೇ?

ಹಾಗಾಗಿ ಬಣ್ಣ ನೋಡಿ ಇವತ್ತಿನ ನೀರಿನ ಮಟ್ಟ ಹೇಳಬಾರದು. ಚುಕ್ಕೆ ಈಗಿನ ಬೇರಿನ ಸುತ್ತ, ಅಂಚು ಮಸುಕಾಗಿ ಹರಡಿದ್ದರೆ ಈಗಲೂ ನೀರು ಬಂದುಹೋಗುತ್ತಿದೆ ಎಂದು ಅನುಮಾನಿಸಬಹುದು. ಚುಕ್ಕೆ ಗಟ್ಟಿ ಗುಂಡಿನಂತಾಗಿ ಅಂಚು ಚೂಪಾಗಿದ್ದರೆ ಹಳೆಯದು ಇರಬಹುದು. ಖಚಿತ ಬೇಕಾದರೆ ಎರಡು ಮೀಟರ್ ಪಿವಿಸಿ ಪೈಪಿಗೆ ಕೆಳಗಿನ ಅರ್ಧದಲ್ಲಿ ತೂತು ಕೊರೆದು, ಬಟ್ಟೆ ಸುತ್ತಿ, ನೆಟ್ಟಗೆ ಹೂಳಿ. ಹದಿನೈದು ದಿನಕ್ಕೊಮ್ಮೆ ಕೋಲು ಇಳಿಸಿ ನೀರು ಎಷ್ಟು ಕೆಳಗಿದೆ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ನಾಲೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನವನ್ನೂ ಅದರ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.